ಎರಡು ಮದ್ದು

ಅಪ್ಪನ ಕಣ್ಣು ಹಳದಿಯಾದ ವಾರ
ನಮ್ಮ ಅಡುಗೆಮನೆಯ ಮೇಜಿಗೆ ಎರಡು ಮದ್ದು ಬಂದವು.

ಒಂದು, ಚಿಕ್ಕಪ್ಪ ತೆಯೊತೋನಿಯು ತಂದ ಬಿಯರ್ ಸೀಸೆ,
ಬಾಯಿಗೆ ಬಟ್ಟೆಯ ಬಿರಡೆ. ಒಳಗೆ
ಸಾವಿರ ಮೀಟರ್ ಕೆಳಗಿನ ಶಾರ್ಕಿನ ಯಕೃತ್ತಿನ ಎಣ್ಣೆ.
'ಗಾತ' ಅನ್ನುತ್ತಾರೆ ಕಾಮರ ದ ಲೋಬುಶಿನ ಬೆಸ್ತರು,
ಅಂದರೆ ಬೆಕ್ಕು.
ದೋಣಿಯ ದೀಪಕ್ಕೆ ಅದರ ಕಣ್ಣು ಹಸಿರಾಗಿ ಉರಿದದ್ದು ಕಂಡವರು
ಹೆಸರು ಯಾಕೆಂದು ಕೇಳುವುದಿಲ್ಲ.

ಇನ್ನೊಂದು, ಅಜ್ಜಿಯ ಏಪ್ರನ್ ಜೇಬಿನಿಂದ:
ಬೆಟ್ಟದ ನೀರುಕಾಲುವೆಯ ಗೋಡೆಯಿಂದ
ಚಮಚದಲ್ಲಿ ಕೆರೆದು ತಂದ ಹಸಿ ಹಸಿರು.
ಎಲೆಯೂ ಅಲ್ಲ, ಹಾವಸೆಯೂ ಅಲ್ಲ.
'ಎಪಾತಿಕ' ಎಂದಳು, 'ಯಕೃತ್ತಿನ ಗಿಡ. ನೋಡು,
ಹೋಳು ಹೋಳು, ಥೇಟ್ ಅದರದೇ ಆಕಾರ.
ದೇವರು ಗುರುತು ಹಾಕಿಯೇ ಕಳಿಸಿದ್ದಾನೆ.'

ಆ ಗೋಡೆಯನ್ನು ಮೂವತ್ತೊಂದು ವರ್ಷ
ಉಜ್ಜಿ ಉಜ್ಜಿ ತೊಳೆದವನು ಅಪ್ಪನೇ.
ಯಾರ ಬಾಳೆತೋಟಕ್ಕೆ ಎಷ್ಟು ಗಂಟೆ ನೀರು,
ಎಲ್ಲ ಅವನ ನಾಲಿಗೆಯ ಮೇಲೆ. ಒಂದು ಪಾಳಿ ತಪ್ಪಿಸಿದವನಲ್ಲ.
ಕಬ್ಬಿನ ಸಾರಾಯಿ ಮಾತ್ರ
ಪಾಳಿಯಿಲ್ಲದೆ ಹರಿಯಿತು.

ರಾತ್ರಿ ಕಾಯುವ ಸರದಿ ನನ್ನದು.
ಅವನು ನರಳಿದಾಗ ಸೀಸೆ ನೋಡುತ್ತೇನೆ, ಬಸಿ ನೋಡುತ್ತೇನೆ.

ಇದಕ್ಕೆ ಹಲ್ಲಿನ ಹಿಂದೆ ಹಲ್ಲು. ಅದಕ್ಕೆ ಬಾಯೇ ಇಲ್ಲ,
ಮೈಯೆಲ್ಲ ಬಾಯಿ; ಮಂಜು ಬಂದರೆ ಮಂಜು ಕುಡಿಯುತ್ತದೆ.
ಇದರ ಚರ್ಮ ಸವರಿದರೆ ಅಂಗೈ ತರಚುತ್ತದೆ.
ಅದನ್ನು ಸವರಿದರೆ ಅದೇ ಹರಿಯುತ್ತದೆ.
ಇದು ಹೊಟ್ಟೆಯಲ್ಲಿ ಮರಿ ಹೊತ್ತು
ಸೂರ್ಯನೇ ಇಲ್ಲದಲ್ಲಿ ತಿಂಗಳು ಎಣಿಸುತ್ತದೆ.
ಅದು ಅರೆಚಂದ್ರದ ಬಟ್ಟಲಲ್ಲಿ ಮಕ್ಕಳನ್ನಿಟ್ಟುಕೊಂಡು
ಒಂದು ಹನಿಗೆ ಕಾಯುತ್ತದೆ.
ಹನಿ ಬಿತ್ತು, ಮಕ್ಕಳು ಸಿಡಿದವು, ಗೇಣು ದೂರ.
ಅಷ್ಟೇ ವಲಸೆ.

ಎರಡಕ್ಕೂ ಮೂಳೆಯಿಲ್ಲ.
ಇದು ನನಗೆ ಮೂರು ಗಂಟೆಗೆ ಹೊಳೆಯಿತು, ಯಾಕೋ ನಗು ಬಂತು.

ಶಾಲೆಯಲ್ಲಿ ಲುಕ್ರೇಸಿಯ ಟೀಚರು
ಸೂಕ್ಷ್ಮದರ್ಶಕದ ಕೆಳಗೆ ಇದೇ ಗಿಡದ ಚೂರಿಟ್ಟು ತೋರಿಸಿದ್ದರು:
ಹಸಿರು ಕೋಣೆಗಳ ನಡುವೆ ಮಸುಕು ಗುಂಡುಗಳು.
'ಎಣ್ಣೆ,' ಅಂದರು.
ಯಾಕೆ ಇಟ್ಟುಕೊಂಡಿದೆ ಮಿಸ್?
'ಬಸವನಹುಳ ತಿನ್ನದಿರಲಿ ಅಂತ ಇರಬಹುದು.
ನನಗೂ ಸರಿಯಾಗಿ ಗೊತ್ತಿಲ್ಲ ಮಗು.'

ಚಿಕ್ಕಪ್ಪನಿಗೆ ಮಾತ್ರ ಗೊತ್ತು ಶಾರ್ಕಿಗೆ ಯಾಕೆಂದು.
'ಎಣ್ಣೆ ಹಗುರ. ಅದಿಲ್ಲದಿದ್ದರೆ ತಳ ಸೇರುತ್ತೆ.
ಮೈಯ ಕಾಲುಭಾಗ ಲಿವರೇ ಕಣೇ.
ಅದು ಈಜೋದು ಅಂತ ನೀನು ಅಂದುಕೋ,
ತನ್ನ ಲಿವರಿನ ಮೇಲೆ ಮಲಗಿರುತ್ತೆ.'
ಆಮೇಲೆ ಅಣ್ಣನ ಉಬ್ಬಿದ ಹೊಟ್ಟೆ ನೋಡಿ
ಟೊಪ್ಪಿ ತೆಗೆದ, ಹಾಕಿಕೊಂಡ, ಹೊರಟ.

ಕರುಳು ಚುರ್ ಅನ್ನುತ್ತದೆ. ಎದೆ ಒಡೆಯುತ್ತದೆ.
ಯಕೃತ್ತಿಗೆ ಅಂಥ ಮಾತೊಂದೂ ಇಲ್ಲ.
ಕೂಲಿಯವನ ಹಾಗೆ ಹಿಂಬಾಗಿಲಲ್ಲಿ ದುಡಿಯುತ್ತದೆ,
ಕಣ್ಣಿಗೆ ಬಣ್ಣ ಬಂದ ದಿನವೇ ಅದರ ಹೆಸರು ಗೊತ್ತಾಗುವುದು.

ಅಪ್ಪ ಎರಡನ್ನೂ ಕುಡಿಯಲಿಲ್ಲ.
ಬಸಿಯನ್ನು ದೀಪಕ್ಕೆ ಹಿಡಿದು ನೋಡಿದ:
'ಇದಾ! ಕೆರೆದಷ್ಟೂ ಬಂತು, ಹಾಳಾದ್ದು.'
ಅದರಲ್ಲಿ ಸಿಟ್ಟಿತ್ತೋ, ಬೇರೇನೋ.
ಒಂದು ಚೂರು ಉಗುರಲ್ಲಿ ಎತ್ತಿ
ಒದ್ದೆಯಿದೆಯಾ ಅಂತ ಮುಟ್ಟಿ ನೋಡಿದ.

ಈಗ ಮೇಲಿನ ಕಾಲುವೆಯ ಕೀಲಿಕೈ ನನ್ನ ಹತ್ತಿರ.
ಮೊದಲ ದಿನ ತೂಬಿನ ಕದ ಕಿರ್ರೆಂದು ಅರ್ಧಕ್ಕೆ ನಿಂತಿತು;
ಮನೆಗೆ ಬಂದು ಸೀಸೆ ಒಯ್ದೆ.
ಆಳದ ಪ್ರಾಣಿಯ ಎಣ್ಣೆ ಕಬ್ಬಿಣದ ಕೀಲಿಗೆ ಇಳಿಯಿತು,
ಸಾವಿರ ಮೀಟರ್ ಎತ್ತರದಲ್ಲಿ, ಮಂಜಿನಲ್ಲಿ.
ನಾತ ತಡೆಯಲಾರದಷ್ಟು. ಕದ ಮಾತ್ರ ತೆರೆಯಿತು.

ಬಸಿಯದನ್ನು ಕಿಟಕಿಯಾಚೆ ಎಸೆದಿದ್ದೆವು.
ಬಟ್ಟೆ ಒಗೆಯುವ ನಲ್ಲಿಯ ಬುಡದಲ್ಲಿ ಹತ್ತಿಕೊಂಡಿದೆ.
ಅಲ್ಲಿ ಇರಲಿ.
ಕಾಲುವೆಯಲ್ಲಿ ಕಂಡರೆ ಉಜ್ಜುತ್ತೇನೆ.
ಕೆಳಗೆ ಅಮಾರುವಿನ ತೋಟಕ್ಕೆ ಏಳು ಗಂಟೆಯ ನೀರು.